ನಂಬಿಸಿ ಕೊಂದವನ ಕೋಟೆ

ಕಳೆದ ಭಾನುವಾರ ಮಗಳನ್ನು ಕರ್‌ಲಾವರಕ್ ಕೋಟೆಗೆ ಕರೆದುಕೊಂಡು ಹೋಗಿದ್ದೆ. ನಾವಿರುವ ಸ್ಕಾಟ್‌ಲೆಂಡಿನ ಡಂಫ್ರೀಸ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೂ ಆಗಲ್ಲ. ಮೂರು ಮೂಲೆಯ ಕೋಟೆ. ಸುತ್ತ ಕಂದಕದ ತುಂಬ ನೀರು, ನೀರಿನಲ್ಲಿ ಬಾತುಕೋಳಿ. ಮಗಳಿಗೆ ಕೋಟೆಗಿಂತ ಬಾತುಕೋಳಿಗಳೇ ಜಾಸ್ತಿ ಹಿಡಿಸಿದವು.

ನಾನು ಸುಮ್ನಿರದೆ ಕಥೆ ಶುರು ಮಾಡಿದೆ. ಇದು ಮ್ಯಾಕ್ಸ್‌ವೆಲ್ ಮನೆತನದ ಕೋಟೆ. ಪಕ್ಕದ ಸೀಮೆಯ ಜಾನ್‌ಸ್ಟನ್ ಮನೆತನಕ್ಕೂ ಇವರಿಗೂ ಹಳೇ ದ್ವೇಷ. 1593ರ ಕಾಳಗದಲ್ಲಿ ಜಾನ್‌ಸ್ಟನ್ ಕಡೆಯವರು ಮ್ಯಾಕ್ಸ್‌ವೆಲ್ ದೊರೆಯನ್ನು ಕೊಂದರು. ಅವನ ಮಗ 1608ರಲ್ಲಿ 'ಬಾ, ರಾಜಿ ಮಾಡಿಕೊಳ್ಳೋಣ' ಎಂದು ಸರ್ ಜೇಮ್ಸ್ ಜಾನ್‌ಸ್ಟನ್‌ನನ್ನು ಕರೆಸಿಕೊಂಡ. ಬಂದವನ ಬೆನ್ನಿಗೆ ಪಿಸ್ತೂಲಿನಿಂದ ಗುಂಡು ಹೊಡೆದ.

ನಾವು ನಂಬಿಸಿ ಕತ್ತು ಕೊಯ್ಯೋದು ಅಂತೀವಲ್ಲ, ಅದಕ್ಕೆ ಸ್ಕಾಟ್‌ಲೆಂಡಿನವರು 1587ರಲ್ಲೇ ಕಾನೂನು ಮಾಡಿದ್ದರು. ನಂಬಿ ಬಂದವನನ್ನು ಕೊಂದರೆ ಅದು ಬರೀ ಕೊಲೆಯಲ್ಲ, ರಾಜದ್ರೋಹ. ತಲೆಯ ಜೊತೆಗೆ ಆಸ್ತಿಯೂ ಹೋಗುತ್ತದೆ. 1609ರಲ್ಲಿ ಪಾರ್ಲಿಮೆಂಟು ಮ್ಯಾಕ್ಸ್‌ವೆಲ್‌ನ ಜಮೀನು, ಪದವಿ ಎಲ್ಲ ಮುಟ್ಟುಗೋಲು ಹಾಕಿತು. ಅಷ್ಟರಲ್ಲಿ ಅವನು ದೇಶ ಬಿಟ್ಟಿದ್ದ. ಕದ್ದು ವಾಪಸ್ ಬಂದಾಗ ಅವನನ್ನು ಹಿಡಿದುಕೊಟ್ಟವನು ಯಾರು ಗೊತ್ತಾ? ನಂಟನೇ, ಕೇತ್‌ನೆಸ್ ಸೀಮೆಯ ಅರ್ಲ್, ಅಂದರೆ ಅಲ್ಲಿನ ದೊರೆ! ನಂಬಿಸಿದವನಿಗೂ ನಂಬಿಕೆಯಲ್ಲೇ ಏಟು. 1613ರಲ್ಲಿ ಎಡಿನ್‌ಬರೋದಲ್ಲಿ ತಲೆ ಕಡಿದರು.

"ಕೊಂದಿದ್ದು ಅವನು. ಮನೆಯವರ ಆಸ್ತಿ ಯಾಕೆ ಕಿತ್ಕೊಂಡ್ರು?" ಎಂದಳು ಮಗಳು. ಅವಳಿಗೆ ಹತ್ತು ವರ್ಷ.

"ಆಮೇಲೆ ಅವನ ತಮ್ಮ ರಾಬರ್ಟ್‌ಗೆ ವಾಪಸ್ ಕೊಟ್ಟರು ಪುಟ್ಟಾ. 1620ರಲ್ಲಿ ಅರ್ಲ್ ಪದವಿಯೂ ಸಿಕ್ತು. ಒಳಗೆ ಕಿಟಕಿ ಮೇಲೆಲ್ಲ ಕೆತ್ತನೆ ಇರೋ ಮನೆ ನೋಡಿದ್ಯಲ್ಲ, ಅದನ್ನ ಕಟ್ಟಿಸಿದ್ದು ಅವನೇ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಾತುಕೋಳಿ ನೋಡುತ್ತಿದ್ದಾಳೆ ಅಂದುಕೊಂಡೆ.

"ಊರಲ್ಲಿ ಆ ಹೆಂಚಿನ ಮನೆಗೆ ನಾವು ಹೋಗಲ್ವಲ್ಲ, ಅದೂ ಹೀಗೇನಾ?"

ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಅದು ಚಿಕ್ಕಪ್ಪನ ಮನೆ. ಭಾಗವಾಗುವಾಗ ಚಿಕ್ಕಪ್ಪ ತಂದ ಖಾಲಿ ಛಾಪಾ ಕಾಗದಕ್ಕೆ ಅಪ್ಪ ಸಹಿ ಹಾಕಿಕೊಟ್ಟಿದ್ದರು. ಅಮ್ಮ ಬೇಡ ಅಂದರೂ "ನನ್ನ ತಮ್ಮ ಕಣೇ" ಅಂದಿದ್ದರು. ಎರಡೆಕರೆ ತೆಂಗಿನ ತೋಟ ಹೋಯಿತು. ಇಲ್ಲಿ ನಂಬಿಸಿದವನು ಆಸ್ತಿ ಕಳೆದುಕೊಂಡ. ನಮ್ಮಲ್ಲಿ ಕಳೆದುಕೊಂಡವರು ನಂಬಿದ ಅಪ್ಪ. ಪಹಣಿಯಲ್ಲಿ ಹೆಸರು ಬದಲಾಗಿದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಚಿಕ್ಕಪ್ಪ ತೀರಿಕೊಂಡು ಆರು ವರ್ಷವಾಯಿತು. ಅವರ ಮಗ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಯುಗಾದಿಗೆ ಅವನು ಕಳಿಸಿದ ವಾಟ್ಸಾಪ್ ಮೆಸೇಜಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಇಷ್ಟೂ ಹೇಳಲಿಲ್ಲ, ಅರ್ಧ ಹೇಳಿದೆ.

"ಸಹಿ ಹಾಕಿಸ್ಕೊಂಡಾಗ ಅವರ ಮಗನಿಗೆ, ಆ ಅಂಕಲ್‌ಗೆ, ಎಷ್ಟು ವರ್ಷ?"

"ಹದಿನಾಲ್ಕು."

"ಮತ್ತೆ?"

ಐಸ್‌ಕ್ರೀಮ್ ತಿಂತೀಯಾ ಅಂದೆ.