ಕೇವುಡಿ ಪೈಪಿನ ಓರೆ ಸ್ಟೆಮ್: ಮೂರು ವಾರ ಸತಾಯಿಸಿ ಕೊನೆಗೂ ನೆಟ್ಟಗಾಯ್ತು

ನನ್ನ ತಂಬಾಕು ಪೈಪಿನ ಸ್ಟೆಮ್ (ಬಾಯಲ್ಲಿಡುವ ಕೊಳವೆ) ಮೇಲಿನ ಬಿಳಿ ಕ್ಲೋವರ್, ಅಂದರೆ ಕೇವುಡಿ ಕಂಪನಿಯ ಎಲೆ ಗುರುತು, ಈಗ ಆಕಾಶ ನೋಡುತ್ತಿದೆ. ಮೂರು ವಾರದಿಂದ ಬಲಕ್ಕೆ ವಾಲಿಕೊಂಡು ನನ್ನನ್ನು ಅಣಕಿಸುತ್ತಿತ್ತು.

ತಂಬಾಕು ತುಂಬುವ ಬೌಲಿನ ಮಸಿ ಕೆರೆಯುವ ರೀಮಿಂಗ್, ವಾಸನೆ ತೆಗೆಯುವ ಉಪ್ಪು-ಆಲ್ಕೋಹಾಲ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ನನ್ನ ಗೋಳು ಸ್ಟೆಮ್‌ದು. ಹಳೇ ಕೇವುಡಿ, ನಾಲ್ಕು ತೂತಿನ ಸ್ಟಿಂಗರ್ (ಸ್ಟೆಮ್ ತುದಿಗೆ ಅಂಟಿಸಿದ, ಸ್ಕ್ರೂ ಇರುವ ಅಲ್ಯೂಮಿನಿಯಂ ತುಂಡು), ಶ್ಯಾಂಕ್ (ಬೌಲಿನಿಂದ ಹೊರಟ ಮರದ ಕತ್ತು) ಮೇಲೆ ಡ್ರಿಂಕ್‌ಲೆಸ್ ಅಂತ ಮುದ್ರೆ. ಮಾರಿದವನು ಎಂಟು ಫೋಟೋ ಹಾಕಿದ್ದ, ಎಂಟೂ ಒಂದೇ ಪಕ್ಕದಿಂದ ತೆಗೆದವು. ಗಂಡಿನ ಬೋಳುತಲೆ ಕಾಣದಂತೆ ಟೋಪಿ ಹಾಕಿಸಿ ಫೋಟೋ ಕಳಿಸುತ್ತಾರಲ್ಲ, ಥೇಟ್ ಹಾಗೆ. ಕೈಗೆ ಬಂದಾಗ ನೋಡಿದರೆ ಸ್ಟೆಮ್ 20 ಡಿಗ್ರಿ ಜಾಸ್ತಿ ತಿರುಗಿ ನಿಲ್ಲುತ್ತಿತ್ತು. ಇಷ್ಟು ವರ್ಷ ಬಿಚ್ಚಿ ತಿರುಗಿಸಿ ಥ್ರೆಡ್ ಸವೆದಿದೆ, ಅದರ ತಪ್ಪೇನೂ ಇಲ್ಲ.

ಮೊದಲು ಕಾಗದದ ವಾಷರ್ ಹಾಕಿದೆ. ನೇರವಾಯಿತು, ಆದರೆ ಸಂದಿನಲ್ಲಿ ಬಿಳಿ ಗೆರೆ. ಥೂ, ಕಿತ್ತು ಬಿಸಾಕಿದೆ.

ಆಮೇಲೆ ಸ್ಟಿಂಗರನ್ನು ಲೈಟರ್‌ನಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಸ್ಟೆಮ್ ತಿರುಗಿಸಲು ನೋಡಿದೆ. ಇಕ್ಕಳ ಜಾರಿ ಅಲ್ಯೂಮಿನಿಯಂ ಮೇಲೆ ಹಲ್ಲಿನ ಗುರುತು ಮೂಡಿತು. ಸ್ಟೆಮ್‌ನ ವಲ್ಕನೈಟ್ (ಗಟ್ಟಿ ರಬ್ಬರ್) ಕಾದು ಗಂಧಕದ ವಾಸನೆ, ರೂಮಿಡೀ ದೀಪಾವಳಿ.

ಮೂರನೇ ಸಲ ಬಿಸಿ ಸ್ಟಿಂಗರನ್ನು ಶ್ಯಾಂಕಿಗೇ ಬಿಗಿಯಾಗಿ ತಿರುಗಿಸಿ, 20 ಡಿಗ್ರಿ ಹಿಂದಕ್ಕೆ ಎಳೆದೆ. ಸ್ಕ್ರೂ ಅಲ್ವಾ, ಸುಮ್ನೆ ಬಿಚ್ಚಿಕೊಂಡಿತು! ಇದು ಹೊಳೆಯಲು ನನಗೆ ಎರಡು ಸಂಜೆ ಬೇಕಾಯಿತು. ಹಿಂದಕ್ಕೆ ಹೋಗುವಂತಿಲ್ಲ, ಹಾಗಾದರೆ ಮುಂದಕ್ಕೇ ಹೋಗಬೇಕು, 340 ಡಿಗ್ರಿ. ಕೊಂಕಣ ಸುತ್ತಿ ಮೈಲಾರಕ್ಕೆ. ವಲ್ಕನೈಟ್ ಅಂಚಿಗೆ ಫಾಯಿಲ್ ಸುತ್ತಿ, ಹದಿನೈದು ಸೆಕೆಂಡು ಕಾಯಿಸಿ, ಫಾಯಿಲ್ ಕಿತ್ತು, ಶ್ಯಾಂಕಿಗೆ ಕೂರಿಸಿ, ಬೌಲ್ ಹಿಡಿಯದೆ ಜಾಯಿಂಟಿನ ಪಕ್ಕದಲ್ಲೇ ಹಿಡಿದು (ಇಲ್ಲದಿದ್ದರೆ ಶ್ಯಾಂಕ್ ಲಟಕ್ ಅನ್ನುತ್ತದೆ) ಬಲಕ್ಕೇ ಒತ್ತಿದೆ. ಒಳಗೆ ಹಳೇ ಅಂಟು ಬಿಟ್ಟುಕೊಂಡಿತು. ಇಡೀ ಸುತ್ತು ಬಂದು ಕ್ಲೋವರ್ ಮೇಲೆ ನಿಂತ ಕೂಡಲೇ ಕೈಬಿಟ್ಟೆ. ಬೆಳಿಗ್ಗೆ ಹೊತ್ತಿಗೆ ಅಂಟು ಗಟ್ಟಿಯಾಗಿತ್ತು.

ಲೋಹಕ್ಕೆ ಲೋಹ ಕಚ್ಚುವ ಆ ಫಿಟಿಂಗ್ ನೋಡಿ ನನಗೆ ನಿಜಕ್ಕೂ ಖುಷಿ. ಇದು ಕಾರ್ಖಾನೆ ಪೈಪ್, ಯಾರೋ ಕಲಾವಿದ ಕೆತ್ತಿದ್ದಲ್ಲ. ಆದರೂ ಇವತ್ತಿಗೂ ಒಂದು ಕೂದಲೂ ಸಂದಿಲ್ಲದೆ ಕೂರುತ್ತದೆ. ಕೇವುಡಿಯವರ ಕಾರ್ಖಾನೆ ವೆಸ್ಟ್ ನ್ಯೂಯಾರ್ಕಿನಲ್ಲಿತ್ತು. ಹೆಸರು ಕೇಳಿ ಮೋಸ ಹೋಗಬೇಡಿ, ಆ ಊರಿರುವುದು ನಮ್ಮ ನ್ಯೂಜೆರ್ಸಿಯಲ್ಲಿ. ಪೈಪ್ ಕ್ಲೀನರ್ ಹೋಗಲ್ಲ ಅಂತ ಸ್ಟಿಂಗರ್ ಕತ್ತರಿಸುವವರ ಜೊತೆ ನನಗೆ ಮಾತಿಲ್ಲ.

ಮುಂದಿನ ಹುಚ್ಚು ಕಾರ್ನ್ ಕಾಬ್, ಮೆಕ್ಕೆಜೋಳದ ದಿಂಡಿನ ಪೈಪ್. ಮಿಸೌರಿಯ ವಾಷಿಂಗ್ಟನ್ ಊರಲ್ಲಿ 1869ರಿಂದ ಮಾಡುತ್ತಿದ್ದಾರೆ. ಹೆನ್ರಿ ಟಿಬ್ಬಿ ಅನ್ನೋ ಡಚ್ ಮೂಲದ ಮರಗೆಲಸದವರು ಶುರುಮಾಡಿದ್ದು. ದಿಂಡಿನ ಹೊರಮೈಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ನಯ ಮಾಡುವ ಉಪಾಯಕ್ಕೆ 1878ರಲ್ಲಿ ಪೇಟೆಂಟ್. ಅವರು ದಿಂಡನ್ನು ಎರಡು ವರ್ಷ ಒಣಗಿಸುತ್ತಾರಂತೆ, ನನಗೆ ಎರಡು ವಾರದ ತಾಳ್ಮೆ ಇದ್ದರೆ ಹೆಚ್ಚು. ಪ್ಲಾಸ್ಟರ್ ಡಬ್ಬ ಆಗಲೇ ಬಂದಿದೆ.

ಬರದೇ ಇರುವುದು ಮೈಕ್ರೋಮೆಶ್, ಸ್ಟೆಮ್‌ಗೆ ಹೊಳಪು ಕೊಡುವ ಉಜ್ಜುಹಾಳೆ. ಪೂರ್ತಿ ಸೆಟ್ ಕೇಳಿದರೆ 4000 ಗ್ರಿಟ್ಟನ್ನೇ ಎರಡು ಸಲ ಕಳಿಸಿದ್ದಾರೆ. ಅಲ್ಲಿಯವರೆಗೆ ಸ್ಟೆಮ್ ನೆಟ್ಟಗೇನೋ ಇದೆ, ಬಣ್ಣ ಮಾತ್ರ ಹಳೇ ಹುಣಸೆಹಣ್ಣಿನದು.