ಗೆಜ್ಜೆ ಬಿಚ್ಚಿಟ್ಟು ತಾಳ ಹಿಡಿಯುವವರಿಗೆ

ಭರತನಾಟ್ಯದವರಿಗೆ ಮೊದಲು ಕೈಕೊಡುವುದು ಮೊಣಕಾಲು, ಇಲ್ಲದಿದ್ದರೆ ಸೊಂಟ. ಪ್ಯಾರಿಸ್ ಒಪೆರಾ ಬ್ಯಾಲೆಯಲ್ಲಿ 42ನೇ ವಯಸ್ಸಿಗೆ ನಿವೃತ್ತಿ, ಜೊತೆಗೆ ಪಿಂಚಣಿ. ನಮ್ಮಲ್ಲಿ ಅಂಥದ್ದೇನೂ ಇಲ್ಲ. ಕಾರ್ಯಕ್ರಮಕ್ಕೆ ಕರೆಯುವ ಫೋನು ನಿಧಾನಕ್ಕೆ ಕಡಿಮೆಯಾಗುತ್ತದೆ, ಅಷ್ಟೇ. ಆಗ ಎಲ್ಲರೂ ಕೊಡುವ ಸಲಹೆ ಒಂದೇ: ‘ಕ್ಲಾಸ್ ಶುರುಮಾಡಿ’. ಬೆಂಗಳೂರಿನಲ್ಲಿ ಕ್ಲಾಸುಗಳಿಗೇನೂ ಬರವಿಲ್ಲ. ಬರವಿರುವುದು ಒಳ್ಳೆಯ ನಟ್ಟುವಾಂಗಕ್ಕೆ, ಅಂದರೆ ವೇದಿಕೆಯ ಪಕ್ಕ ಕೂತು ಪುಟ್ಟ ಲೋಹದ ತಾಳಗಳನ್ನು ತಟ್ಟುತ್ತ, ಬಾಯಲ್ಲಿ ಜತಿ (ತಕಧಿಮಿಯಂಥ ಸೊಲ್ಲುಗಳನ್ನು ಲಯಕ್ಕೆ ಕಟ್ಟಿದ್ದು) ಹೇಳುತ್ತ ನೃತ್ಯ ನಡೆಸುವ ಕೆಲಸಕ್ಕೆ.

ತಂಜಾವೂರು ಪರಂಪರೆಯಲ್ಲಿ ತಾಳ ಬಹುಪಾಲು ಗಂಡಸರ ಕೈಯಲ್ಲೇ ಇತ್ತು. ನೃತ್ಯಗುರು ಕೆ.ಜೆ. ಸರಸಾ ಅವರಂಥವರು ಅದನ್ನು ಕೈಗೆತ್ತಿಕೊಂಡ ಮೇಲೆ ಹೆಣ್ಣುಮಕ್ಕಳಿಗೆ ದಾರಿ ಸಲೀಸಾಯಿತು. ಈಗ ಶಿಷ್ಯರ ರಂಗಪ್ರವೇಶಕ್ಕೆ ಹೆಚ್ಚಾಗಿ ಗುರುಗಳೇ ಕೂರುತ್ತಾರೆ. ಹಾಗಾಗಿ ಹೊರಗಿನವರಿಗೆ ಕೆಲಸ ಸಿಗುವುದು ಗುರುವಿನ ಆಸರೆ ದಾಟಿದ ಏಕವ್ಯಕ್ತಿ ಕಲಾವಿದರಿಂದ, ನೃತ್ಯನಾಟಕಗಳಿಂದ, ರೆಕಾರ್ಡಿಂಗ್‌ನಿಂದ, ತಾಳ ಹಿಡಿಯಲು ಅಂಜುವ ಕೆಲವು ಗುರುಗಳಿಂದ. (ಅಂಥವರು ನೀವಂದುಕೊಂಡಿರುವುದಕ್ಕಿಂತ ಹೆಚ್ಚಿದ್ದಾರೆ.)

‘ಇಪ್ಪತ್ತು ವರ್ಷ ಕುಣಿದಿದ್ದೇನೆ, ಜತಿ ಹೇಳುವುದೇನು ಮಹಾ’ ಎಂದು ಕೂತವರು ಮೊದಲ ವಾರದಲ್ಲೇ ಎಡವುತ್ತಾರೆ. ಎಡವುವ ಜಾಗವೂ ಹೆಚ್ಚುಕಡಿಮೆ ಒಂದೇ: ವರ್ಣದ (ಕಾರ್ಯಕ್ರಮದ ಅತಿ ದೊಡ್ಡ ನೃತ್ಯಬಂಧ) ತ್ರಿಕಾಲ ಜತಿಯಲ್ಲಿ, ಅಂದರೆ ಮೂರು ವೇಗದಲ್ಲಿ ಬರುವ ಜತಿಯಲ್ಲಿ, ಮೂರನೇ ಕಾಲ. ಕುಣಿಯುವಾಗ ಮೈಯೇ ಬ್ರೇಕು. ಹಾರಿದ ಕಾಲು ನೆಲಕ್ಕೆ ಬರಲು ಇಷ್ಟು ಹೊತ್ತು ಬೇಕೇ ಬೇಕು. ಕೂತಾಗ ಆ ತಡೆ ಇರುವುದಿಲ್ಲ, ನಾಲಿಗೆ ಓಡುತ್ತದೆ, ಅದರ ಹಿಂದೆ ಕೈ ಓಡುತ್ತದೆ, ಕುಣಿಯುವ ಹುಡುಗಿಗೆ ಅರೆಮಂಡಿ (ಮೊಣಕಾಲು ಹೊರಕ್ಕೆ ಬಾಗಿಸಿ ಅರ್ಧ ಕುಳಿತ ಭಂಗಿ) ಬಿಟ್ಟು ಎದ್ದುನಿಲ್ಲದೆ ಬೇರೆ ದಾರಿಯಿರುವುದಿಲ್ಲ. ಅವಳ ಮುಖ ನೋಡುತ್ತ ಜತಿ ಹೇಳಬೇಡಿ, ಕಾಲು ನೋಡಿ. ಹಾರುವ ಅಡವಿದ್ದರೆ (ಅಡವು ಅಂದರೆ ನೃತ್ಯದ ಮೂಲ ಹೆಜ್ಜೆ) ಪಾದ ಇಳಿಯುವವರೆಗೆ ಮುಂದಿನ ಸೊಲ್ಲು ಬಾಯಲ್ಲೇ ಇರಲಿ.

ಎರಡನೇ ತಪ್ಪು ಅತಿಯಾಗಿ ತಾಳ ಕುಟ್ಟುವುದು. ಬಾಯಲ್ಲಿ ಬಂದ ಪ್ರತಿ ಸೊಲ್ಲಿಗೂ ತಾಳ ಬೀಳಬೇಕಾಗಿಲ್ಲ. ಕಾಲು ತಟ್ಟುವ ಜಾಗಕ್ಕೆ ಬಿದ್ದರೆ ಸಾಕು. ಜೋಡಿಯಲ್ಲಿ ಒಂದು ಉಕ್ಕಿನದು, ಇನ್ನೊಂದು ಕಂಚಿನದು. ಎಡಗೈಯದು ಅಲುಗಬಾರದು, ಹೊಡೆಯುವುದು ಬಲಗೈಯದು. ಅಂಚು ತಾಗಿಸಿ ಬಿಟ್ಟರೆ ನಾದ ಉಳಿಯುತ್ತದೆ, ಒತ್ತಿ ಹಿಡಿದರೆ ಸದ್ದು ಅಲ್ಲೇ ಮುಚ್ಚಿಕೊಳ್ಳುತ್ತದೆ. ದ್ರುತಕಾಲದಲ್ಲಿ ಮುಚ್ಚಿದ ಹೊಡೆತವೇ ಬೇಕು, ಇಲ್ಲದಿದ್ದರೆ ಒಂದರ ಬಾಲ ಇನ್ನೊಂದರ ಮೇಲೆ ಬಿದ್ದು ಮೃದಂಗವೇ ಕೇಳಿಸುವುದಿಲ್ಲ. ಅಭಿನಯದ ಹಾಡುಗಳಾದ ಪದ, ಜಾವಳಿಗಳಲ್ಲಿ ತಾಳ ಇದೆಯೋ ಇಲ್ಲವೋ ಎನ್ನುವಷ್ಟು ಮೆದುವಾಗಿರಬೇಕು.

ಕಲಿಯುವ ಕ್ರಮ ಬೇಸರದ್ದೇ. ಮೊದಲ ತಿಂಗಳು ತಟ್ಟಡವು, ನಾಟ್ಟಡವು, ಮೂರು ಕಾಲದಲ್ಲಿ, ಮೆಟ್ರೊನೋಮ್ (ಲಯ ಬಡಿಯುವ ಯಂತ್ರ) ನಿಮಿಷಕ್ಕೆ 60ಕ್ಕಿಟ್ಟು, ತಾಳ ಮಾತ್ರ, ಬಾಯಿ ಮುಚ್ಚಿರಲಿ. ಎರಡನೇ ತಿಂಗಳು ಬಾಯಿ ಮಾತ್ರ, ಕೈಯಲ್ಲಿ ಆದಿತಾಳ (ಎಂಟು ಎಣಿಕೆಯ ತಾಳ) ಹಾಕುತ್ತ. ಇವೆರಡನ್ನು ಕೂಡಿಸುವುದು ಆಮೇಲೆ. ಕೂಡಿಸಿದಾಗ ಆವರ್ತ (ತಾಳದ ಒಂದು ಪೂರ್ತಿ ಸುತ್ತು) ಎಣಿಸಲು ಕೈ ಬಿಡುವಾಗಿರುವುದಿಲ್ಲ, ಕಾಲ್ಬೆರಳಿಗೆ ಆ ಕೆಲಸ ಕೊಡಬೇಕು. ವೇದಿಕೆಗೆ ತಿಶ್ರ ಅಲರಿಪು (ಮೂರರ ಎಣಿಕೆಯ ಕಿರು ಆರಂಭನೃತ್ಯ) ಒಳ್ಳೆಯ ಆರಂಭ. ವರ್ಣಕ್ಕೆ ಕೂರುವ ಮೊದಲು ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಐದೂ ನಡೆ (ಎಣಿಕೆಯೊಂದಕ್ಕೆ ಕ್ರಮವಾಗಿ 3, 4, 5, 7, 9 ಮಾತ್ರೆ) ಬಾಯಲ್ಲಿ ಕೂತಿರಬೇಕು.

ಇನ್ನು ಲೆಕ್ಕ. ಈ ಕೆಲಸದಲ್ಲಿ ನಿಮ್ಮನ್ನು ಮತ್ತೆ ಕರೆಯುವುದು ಈ ಲೆಕ್ಕಕ್ಕಾಗಿಯೇ. ಒಂದು ಕಳೆಯ (ಅಕ್ಷರಕ್ಕೆ ಒಂದೇ ಎಣಿಕೆಯ) ಆದಿತಾಳ, ಚತುರಶ್ರ ನಡೆ ಅಂದರೆ ಎಂಟು ಅಕ್ಷರ, ಒಂದೊಂದಕ್ಕೆ ನಾಲ್ಕು ಮಾತ್ರೆ, ಆವರ್ತಕ್ಕೆ 32 ಮಾತ್ರೆ. ಎರಡು ಆವರ್ತದ ಜತಿ, ಸಾಹಿತ್ಯದ ಎತ್ತುಗಡೆ (ಹಾಡು ಶುರುವಾಗುವ ಜಾಗ) ಸಮದಿಂದ, ಅಂದರೆ ಆವರ್ತದ ಮೊದಲ ಎಣಿಕೆಯಿಂದ, ಒಂದೂವರೆ ಅಕ್ಷರ ಬಿಟ್ಟು ಅನ್ನಿ. 64ಕ್ಕೆ 6 ಸೇರಿ 70. ಕೊನೆಗೆ ‘ತದಿಗಿಣತೊಂ’ ಮೂರು ಸಲ, ನಡುವೆ ಎರಡೆರಡು ಮಾತ್ರೆ ಕಾರ್ವೆ (ಬಿಡುವು): 5+2+5+2+5, ಒಟ್ಟು 19. ಮುಂಭಾಗಕ್ಕೆ ಉಳಿಯುವುದು 51. ರಿಹರ್ಸಲ್‌ನಲ್ಲಿ ಹಾಡು ಬದಲಾಗಿ ಎತ್ತುಗಡೆ ಸಮಕ್ಕೆ ಬಂತು ಎಂದುಕೊಳ್ಳಿ, 6 ಮಾತ್ರೆ ಹೆಚ್ಚಾಯಿತು. ಗಾಬರಿಯಲ್ಲಿ ಬಹಳ ಜನ ಬಾಲ ಕತ್ತರಿಸುತ್ತಾರೆ. ಕತ್ತರಿಸಬೇಕಾದ್ದು ಮುಂಭಾಗ: 51 ಇದ್ದದ್ದು 45 ಆಗಲಿ. ತೀರ್ಮಾನವನ್ನು, ಅಂದರೆ ಮೂರು ಸಲ ಬರುವ ಆ ಬಾಲವನ್ನು, ಮುಟ್ಟಬೇಡಿ. ಮೃದಂಗದವರೂ ಹಾಡುವವರೂ ಕಾಯುವುದು ಆ ಮೂರು ಸುತ್ತಿಗೇ.

ಮೊಣಕಾಲು ನೋವೆಂದು ನೃತ್ಯ ಬಿಟ್ಟವರು ಇಲ್ಲಿ ಎರಡು ಗಂಟೆ ಚಕ್ಕಂಬಕ್ಕಳ ಹಾಕಿ ಕೂರಬೇಕು, ಇದೊಂದು ತಮಾಷೆ. ಮೂರ್ನಾಲ್ಕು ಇಂಚಿನ ಗಟ್ಟಿ ದಿಂಬು ಇಟ್ಟುಕೊಂಡು ಸೊಂಟವನ್ನು ಮೊಣಕಾಲಿಗಿಂತ ಮೇಲಿಟ್ಟರೆ ತಡೆದುಕೊಳ್ಳಬಹುದು. ಶ್ರುತಿಯೂ ಸಮಸ್ಯೆಯೇ. ಗಾಯಕಿ ಐದು, ಐದೂವರೆ ಮನೆಯ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರೆ ನಿಮ್ಮ ಜತಿಯೂ ಅದಕ್ಕೆ ಸೇರಬೇಕು. ನೃತ್ಯಶಿಕ್ಷಣದಲ್ಲಿ ಗಂಟಲಿಗೆ ಅಷ್ಟು ಸಾಧನೆ ಇರುವುದಿಲ್ಲ, ಆರು ತಿಂಗಳಾದರೂ ಸಂಗೀತ ಕಲಿಯಿರಿ. ಮೈಕು ಬಾಯಿಗೆ ನಾಲ್ಕು ಬೆರಳು ದೂರ, ತಾಳ ಹೊಟ್ಟೆಯ ಮಟ್ಟಕ್ಕೆ. ಎದೆಮಟ್ಟಕ್ಕೆ ಎತ್ತಿದರೆ ಸಭಾಂಗಣಕ್ಕೆಲ್ಲ ಬರೀ ಲೋಹದ ಸದ್ದು.

ದುಡ್ಡಿನ ಮಾತು ಮೊದಲೇ ಆಡಿಬಿಡಿ. ಕಾರ್ಯಕ್ರಮಕ್ಕೆ ಇಷ್ಟು, ರಿಹರ್ಸಲ್‌ಗೆ ಇಷ್ಟು ಎಂದು ಬೇರೆಬೇರೆ, ಎಷ್ಟು ರಿಹರ್ಸಲ್ ಎನ್ನುವುದೂ ಸೇರಿ, ವಾಟ್ಸ್ಆ್ಯಪ್‌ನಲ್ಲಾದರೂ ಬರಹದಲ್ಲಿರಲಿ. ‘ಒಂದೆರಡು ಸಲ ಕೂತರೆ ಆಯ್ತು ಮೇಡಂ’ ಎಂದದ್ದು ಎಂಟಕ್ಕೆ ಹೋಗುತ್ತದೆ. ಜತಿ ನೀವೇ ಕಟ್ಟಿಕೊಟ್ಟರೆ ಅದಕ್ಕೂ ಬೇರೆ ದರ.

ಓದಿನ ದಾರಿ ಹಿಡಿಯುವವರಿಗೆ ಎರಡು ಮಾತು. ವಿದ್ವತ್ (ರಾಜ್ಯದ ನೃತ್ಯ ಪರೀಕ್ಷೆಗಳ ಕೊನೆಯ ಹಂತ) ಮುಗಿಸಿದ್ದರೂ ಕಾಲೇಜು ಹುದ್ದೆಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಪ್ರದರ್ಶನ ಕಲೆಗಳು ಒಂದು ವಿಷಯವಾಗಿದೆ, ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯೋಮಿತಿಯಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಸೀನಿಯರ್ ಫೆಲೋಶಿಪ್ 40 ದಾಟಿದವರಿಗೇ ಇರುವುದು: ತಿಂಗಳಿಗೆ 20,000 ರೂಪಾಯಿ, ಎರಡು ವರ್ಷ, ಆರು ತಿಂಗಳಿಗೊಂದು ಕಂತು. ಅದು ಸಂಶೋಧನೆಗೆ; ಕಾರ್ಯಾಗಾರ ನಡೆಸುತ್ತೇನೆ, ಆತ್ಮಕಥೆ ಬರೆಯುತ್ತೇನೆ ಎಂದು ಅರ್ಜಿ ಹಾಕಿದರೆ ಬರುವುದಿಲ್ಲ.

ತಾಳವೂ ಬೇಡ, ಓದೂ ಬೇಡ ಎನ್ನುವವರಿಗೆ ವೇಷಭೂಷಣದ ಹೊಲಿಗೆ ಇದೆ. ಅಲ್ಲಿ ಬರೀ ಟೈಲರ್‌ಗಿಂತ ಕುಣಿದವರ ಕೈ ಮೇಲು. ಟೈಲರ್ ನಿಂತ ಅಳತೆ ತೆಗೆಯುತ್ತಾನೆ. ಮುಂದಿನ ಫ್ಯಾನಿನ (ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನೆರಿಗೆ) ಉದ್ದ ಅಗಲ ಎರಡನ್ನೂ ಅರೆಮಂಡಿಯಲ್ಲಿ ಕೂರಿಸಿ ಅಳೆಯಬೇಕು, ತೊಡೆಸಂದಿನ ಸಡಿಲವನ್ನು ಪೂರ್ಣಮಂಡಿಯಲ್ಲಿ (ಪೂರ್ತಿ ಕುಕ್ಕರಿಸಿದ ಭಂಗಿ). ಇಲ್ಲದಿದ್ದರೆ ವೇದಿಕೆಯ ಮೇಲೇ ಹರಿಯುತ್ತದೆ. ಬೆಳೆಯುವ ಮಕ್ಕಳಾದರೆ ಪಕ್ಕದ ಹೊಲಿಗೆಯೊಳಗೆ ಎರಡು ಇಂಚು ಬಟ್ಟೆ ಮಡಚಿಡಿ. ಸೀರೆಗೆ ಕತ್ತರಿ ಹಾಕುವ ಮೊದಲು ಜರಿಯಂಚು ಎಲ್ಲೆಲ್ಲಿ ಬರಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ: ಫ್ಯಾನು, ದಾವಣಿ, ಕಾಲಂಚು, ಈ ಕ್ರಮದಲ್ಲಿ. ಕತ್ತರಿಸಿದ ರೇಷ್ಮೆಯನ್ನು ಮತ್ತೆ ಕೂಡಿಸುವಂತಿಲ್ಲ. ಒಳಗಿನ ಹತ್ತಿ ಲೈನಿಂಗನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ಹೊಲಿಯಬೇಕು. ಹಾಗೇ ಹೊಲಿದರೆ ಮೊದಲ ಬೆವರಿಗೇ ಅದು ಕುಗ್ಗಿ, ಮೇಲಿನ ರೇಷ್ಮೆ ಸುಕ್ಕಾಗಿ ನಿಲ್ಲುತ್ತದೆ.