ಹಸಿಯೋ, ಒಣಗಿದ್ದೋ?

2022ರ ನವೆಂಬರ್. ಸಾಗರದ ಹತ್ತಿರ ಮಾವನ ಮನೆಯಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಗಿತ್ತು. 'ಜನ ಸಿಗೂದಿಲ್ಲ, ಎರಡು ದಿನ ಬಂದು ಹೋಗು ಮಾರಾಯ' ಅಂತ ಮಾವ ಫೋನ್ ಮಾಡಿದ್ದರು. ರಜೆ ಹಾಕಿ ಬೆಂಗಳೂರಿನಿಂದ ಹೋದೆ. ಹೋಗಿ ಕಡಿದು ಹಾಕಿದ್ದು ಅಷ್ಟರಲ್ಲೇ ಇದೆ. ಮೆಟ್ಟುಗತ್ತಿ ಮುಂದೆ ಕೂತು ಅರ್ಧ ಗಂಟೆಗೆಲ್ಲ ಹೆಬ್ಬೆರಳು ಕೊಯ್ದುಕೊಂಡೆ. ಆಮೇಲೆ ನನ್ನ ಪಾಲಿಗೆ ಉಳಿದದ್ದು ಮಾತಾಡೋ ಕೆಲಸ ಮಾತ್ರ.

ಅಡಿಕೆ ಸುಲಿಯೋ ರಾತ್ರಿ ನೋಡದವರಿಗೆ ಸ್ವಲ್ಪ ಹೇಳಬೇಕು. ಚಪ್ಪರದ ಕೆಳಗೆ ಹಸಿರು ಅಡಿಕೆಯ ರಾಶಿ. ಸುತ್ತ ಹತ್ತು ಹನ್ನೆರಡು ಜನ, ಒಬ್ಬೊಬ್ಬರ ಎದುರೂ ಒಂದೊಂದು ಮೆಟ್ಟುಗತ್ತಿ. ಮರದ ಹಲಗೆಗೆ ನೆಟ್ಟ ಕತ್ತಿ ಅದು. ಅಡಿಕೆಯನ್ನು ಅದಕ್ಕೆ ಒತ್ತಿ ತಿರುಗಿಸಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ, ಒಳಗಿನದು ಬುಟ್ಟಿಗೆ ಬೀಳುತ್ತದೆ. ಪಳಗಿದ ಕೈಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಚೊಗರು ಹತ್ತಿ ಬೆರಳೆಲ್ಲ ಕಪ್ಪು. ಆಚೆ ಒಲೆ ಮೇಲೆ ಹಂಡೆಯಲ್ಲಿ ಸುಲಿದದ್ದು ಬೇಯುತ್ತಾ ಇರುತ್ತದೆ. ಮೆಷಿನ್ ಬಂದು ಎಷ್ಟೋ ವರ್ಷ ಆಯಿತು, ಆದರೆ ಮಾವನಿಗೆ ಅದರ ಮೇಲೆ ಇನ್ನೂ ನಂಬಿಕೆ ಹುಟ್ಟಿಲ್ಲ.

ಕೈಗೆ ಕೆಲಸ, ಬಾಯಿಗೆ ಬಿಡುವು. ಅಜ್ಜನ ಕಾಲದಲ್ಲಿ ಈ ಹೊತ್ತಿಗೆ ತಾಳಮದ್ದಳೆ ಅರ್ಥದ ಚರ್ಚೆ ನಡೆಯುತ್ತಿತ್ತಂತೆ. ಈಗ ಮೋದಿ, ಪುಟಿನ್, ಪೊಟ್ಯಾಷ್.

ಆ ರಾತ್ರಿ ಶುರುವಾದದ್ದೂ ತೋಟದ ಗೊಬ್ಬರ ಪೊಟ್ಯಾಷ್‌ನಿಂದಲೇ. ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತಲ್ಲ, ಆವತ್ತು ಮಾವ ಟಿವಿ ಮುಂದೆ ಕೂತು ಟ್ಯಾಂಕ್ ಎಣಿಸುತ್ತಿದ್ದರು. ಮಾರ್ಚ್ ಒಂದಕ್ಕೆ ಖಾರ್ಕೀವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಸತ್ತ. ಅಲ್ಲಿಂದ ಅದು ಟಿವಿಯಲ್ಲಿ ನೋಡೋ ಯುದ್ಧವಾಗಿ ಉಳಿಯಲಿಲ್ಲ. ಆಮೇಲೆ ಸೂರ್ಯಕಾಂತಿ ಎಣ್ಣೆ ಏರಿತು. ಹಿಂದಿನ ವರ್ಷ ಸಾವಿರದ ಆಸುಪಾಸು ಇದ್ದ ಪೊಟ್ಯಾಷ್ ಚೀಲ 1,700 ಆಯಿತು. ನಮ್ಮ ದೇಶದಲ್ಲಿ ಪೊಟ್ಯಾಷ್ ಗಣಿ ಇಲ್ಲ. ರಷ್ಯಾ, ಬೆಲಾರಸ್, ಕೆನಡಾ ಅಂತ ಹೊರಗಿನಿಂದಲೇ ಬರಬೇಕು. ಅಡಿಕೆ ಮರಕ್ಕೋ ಅದಿಲ್ಲದೆ ಆಗದು.

'ಅವನು ಅಲ್ಲಿ ಬಾಂಬ್ ಹಾಕಿದ್ರೆ ನನ್ನ ತೋಟಕ್ಕೆ ಗೊಬ್ಬರ ಇಲ್ಲ. ಎಂತ ಲೆಕ್ಕ ಇದು?' ಅಂದರು ಮಾವ.

'ಅದೇ ಯುದ್ಧದಿಂದ ರಷ್ಯಾದ ಕಚ್ಚಾ ಎಣ್ಣೆ ಕಡಿಮೆ ರೇಟಿಗೆ ತರ್ತಾ ಇದ್ದೇವೆ ಅಂತ ಹೋದ ವಾರ ಕುಣಿದಿದ್ರಲ್ಲ?' ಅಂದರು ಮೇಷ್ಟ್ರು.

ಮೇಷ್ಟ್ರು ಪಕ್ಕದ ಮನೆಯವರು. ರಿಟೈರ್ ಆಗಿ ಏಳೆಂಟು ವರ್ಷ ಆಗಿದೆ. ಮಾವ ಯಾವ ಸರ್ಕಾರವನ್ನು ಹೊಗಳುತ್ತಾರೋ ಅದನ್ನು ತೆಗಳೋದು ಅವರ ಧರ್ಮ. ಹಾಗಂತ ಒಬ್ಬರಿಲ್ಲದೆ ಇನ್ನೊಬ್ಬರಿಗೆ ಸಂಜೆ ಕಾಫಿ ಇಳಿಯೋದಿಲ್ಲ. ರಷ್ಯಾದ ಎಣ್ಣೆ ವಿಷಯದಲ್ಲಿ ಅವರು ಹೇಳಿದ್ದು ಸರಿ ಇತ್ತು. ಯುದ್ಧಕ್ಕೆ ಮೊದಲು ನಾವು ತರುತ್ತಿದ್ದ ಕಚ್ಚಾ ತೈಲದಲ್ಲಿ ರಷ್ಯಾದ್ದು ನೂರಕ್ಕೆ ಎರಡೂ ಇರಲಿಲ್ಲ, ಆ ವರ್ಷ ದಡದಡ ಏರುತ್ತಾ ಹೋಯಿತು. ಆದರೆ ಪೆಟ್ರೋಲ್ ಬಂಕಿನಲ್ಲಿ ನಮಗೇನೂ ಸೋವಿ ಆಗಲಿಲ್ಲ. ಇದನ್ನು ನಾನು ಹೇಳಿದೆ. ಇಬ್ಬರಿಗೂ ಇಷ್ಟವಾಗಲಿಲ್ಲ.

ಅಷ್ಟರಲ್ಲಿ ಮಾತು ಭೂತಾನಕ್ಕೆ ತಿರುಗಿತು. ತಿರುಗಲೇಬೇಕಿತ್ತು. ಆ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಅಡಿಕೆ ತರಲು ಒಪ್ಪಿಗೆ ಕೊಟ್ಟಿತ್ತು, ಅದೂ ಕನಿಷ್ಠ ಆಮದು ಬೆಲೆಯ ಕಟ್ಟು ಇಲ್ಲದೆ. ಈ ಕಟ್ಟು ಅಂದರೆ ಬೆಳೆಗಾರನಿಗೆ ಬೇಲಿ ಇದ್ದ ಹಾಗೆ. 2018ರಿಂದ ಕೆಜಿಗೆ 251 ರೂಪಾಯಿಗಿಂತ ಕಡಿಮೆಗೆ ಹೊರಗಿನ ಅಡಿಕೆ ಬರುವ ಹಾಗಿರಲಿಲ್ಲ. ಮೇಲಿಂದ ನೂರಕ್ಕೆ ನೂರು ಸುಂಕ. ಈಗ ಆ ಬೇಲಿಯಲ್ಲಿ ಒಂದು ಕಂಡಿ ಬಿಟ್ಟ ಹಾಗಾಯಿತು. ಅತ್ತ ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರದ ಕಡೆ ತೋಟಕ್ಕೆ ತೋಟ ಹಿಡಿಯುತ್ತಿತ್ತು. ಇತ್ತ ರೇಟೂ ಇಳಿಯುತ್ತಿತ್ತು. ಹೊಟ್ಟೆ ಉರಿಯದೆ ಇರುತ್ತಾ?

'ನಿಮ್ಮೋರೇ ಮಾಡಿದ್ದು' ಅಂದರು ಮೇಷ್ಟ್ರು.

'ದೋಕ್ಲಾಮ್ ಮರೆತ್ರಾ ಮೇಷ್ಟ್ರೇ?' ಮಾವ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟರು. ಅಡಿಕೆ ಕೆಳಗಿಟ್ಟರು ಅಂದರೆ ವಿಷಯ ಗಂಭೀರ. '2017ರಲ್ಲಿ ಎಪ್ಪತ್ಮೂರು ದಿನ ನಮ್ಮ ಸೈನ್ಯ ಅಲ್ಲಿ, ಭೂತಾನದ ಗಡಿಯಲ್ಲಿ, ಚೀನಾದವ್ರ ಎದುರು ನಿಂತಿತ್ತು. ಭೂತಾನ ಚೀನಾ ಕಡೆ ವಾಲಿದ್ರೆ ಗತಿ ಎಂತ? ಒಂದಿಷ್ಟು ಅಡಿಕೆ ತಗೊಂಡ್ರೆ ಒಂದು ದೇಶ ನಮ್ಮ ಜೊತೆ ಇರ್ತದೆ.'

'ಹಾಗಾದ್ರೆ ಚೀನಾ ಗಡಿ ಕಾಯೋದಕ್ಕೆ ಸಾಗರದವ್ರು ತೆರಿಗೆ ಕಟ್ಟಬೇಕು ಅನ್ನಿ. ಗುಜರಾತಿನ ಹತ್ತಿನೋ ಪಂಜಾಬಿನ ಗೋಧಿನೋ ಯಾಕೆ ಅಲ್ಲ?'

ಇದಕ್ಕೆ ಮಾವನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕಡೆ ನೋಡಿದರು. ಬೆಂಗಳೂರಿನಿಂದ ಬಂದ ಅಳಿಯನಿಗೆ ಇದಕ್ಕಿಂತ ಒಳ್ಳೆ ಅವಕಾಶ ಬೇಕಾ? ಫೋನ್ ತೆಗೆದೆ. ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್‌ಗಿಂತ ಜಾಸ್ತಿ ಅಡಿಕೆ ಬೆಳೆಯುತ್ತದೆ, ದೊಡ್ಡ ಪಾಲು ಕರ್ನಾಟಕದ್ದೇ. ಅದರಲ್ಲಿ 17,000 ಅಂದರೆ ಎರಡು ಪರ್ಸೆಂಟೂ ಆಗಲ್ಲ. ಇಷ್ಟಕ್ಕೆಲ್ಲ ಗಾಬರಿ ಆಗೋದಾ ಅಂತ ದೊಡ್ಡ ಭಾಷಣವನ್ನೇ ಬಿಗಿದೆ. ಅರ್ಥಶಾಸ್ತ್ರದ ಒಂದೆರಡು ಮಾತನ್ನೂ ಸೇರಿಸಿದೆ ಅಂತ ಕಾಣುತ್ತೆ. ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

'ಸಂತೆಯಲ್ಲಿ ನೂರು ಬುಟ್ಟಿ ಸೌತೆಕಾಯಿ ಇದ್ದಾಗ ಇನ್ನೆರಡು ಬುಟ್ಟಿ ಬಂದ್ರೂ ರೇಟು ಬೀಳ್ತದೆ. ಪರ್ಸೆಂಟ್ ಕಲಿಸಿದ್ದು ನಾನೇ ನಿನಗೆ' ಅಂದರು ಮೇಷ್ಟ್ರು.

ಗಂಟೆ ಹತ್ತು ದಾಟಿತ್ತು. ಅತ್ತೆ ಎರಡನೇ ಸಲ ಚಹಾ ತಂದರು. ಆಗ ರಾಶಿಯ ಆ ಕಡೆಯಿಂದ ದೊಡ್ಡಕ್ಕ ಬಾಯಿ ಬಿಟ್ಟರು. ಊರಿಗೆಲ್ಲ ಅವರು ದೊಡ್ಡಕ್ಕ. ನಲವತ್ತು ವರ್ಷದಿಂದ ಮಾವನ ಮನೆಗೆ ಸುಲಿಯೋಕೆ ಬರುತ್ತಿದ್ದಾರೆ. ಅಷ್ಟು ಹೊತ್ತು ಒಂದು ಮಾತಾಡಿರಲಿಲ್ಲ.

'ಭೂತಾನ ಅಂದ್ರೆ ಆ ಸ್ವೆಟರ್ ಮಾರೋರ ದೇಶನಾ?'

ಎಲ್ಲರೂ ನಕ್ಕರು. ಅದು ಟಿಬೆಟ್, ಮುಂಡಗೋಡಿನಲ್ಲಿ ಇರೋರು ಅಲ್ಲಿಯವರು, ಭೂತಾನ ಬೇರೆ ಅಂತ ನಾನು ತಿದ್ದಿದೆ. ಭೂತಾನದವರೂ ನಮ್ಮ ಹಾಗೇ ಎಲೆ ಅಡಿಕೆಯ ಕವಳ ಹಾಕುತ್ತಾರೆ, ದೋಮಾ ಅಂತಾರೆ ಅಂತಲೂ ಹೇಳಿದೆ. ಇದು ಅವರಿಗೆ ಇಷ್ಟವಾಯಿತು. ತಲೆ ಆಡಿಸಿ ಇನ್ನೊಂದು ಅಡಿಕೆ ಸುಲಿದರು. ಕತ್ತಿಯಿಂದ ಕಣ್ಣೆತ್ತದೆಯೇ ಕೇಳಿದರು:

'ಅಲ್ಲ ತಮ್ಮಾ, ಅವ್ರದ್ದು ಹಸಿಯೋ, ಒಣಗಿದ್ದೋ?'

ಯಾರೂ ನಗಲಿಲ್ಲ.

ಎರಡು ಗಂಟೆಯಿಂದ ಕಚ್ಚಾಡುತ್ತಿದ್ದ ನಮಗೆ ಯಾರಿಗೂ ಹೊಳೆಯದ ಪ್ರಶ್ನೆ. ಸುತ್ತ ಹಸಿ ಅಡಿಕೆ ಇಟ್ಟುಕೊಂಡೇ ಕೂತಿದ್ದೆವು. ಮಾವನ ಮನೆ ಅಂಗಳದಲ್ಲಿ ನೆಟ್‌ವರ್ಕ್ ಇರೋದಿಲ್ಲ, ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ ಒಂದು ಕಡ್ಡಿ ಸಿಗುತ್ತದೆ. ಅಂಗಳದಲ್ಲಿ ನಾನು ಓದಿದ್ದೆಲ್ಲ ಸಂಜೆಯೇ ಇಳಿಸಿಕೊಂಡ ಸುದ್ದಿ. ಟಾರ್ಚ್ ಹಿಡಿದು ದಿಬ್ಬಕ್ಕೆ ಹೋದೆ. ಆಕಳು ತಲೆ ಎತ್ತಿ ನೋಡಿ ಮತ್ತೆ ಮೆಲುಕು ಹಾಕಿತು. ಆದೇಶದ ಸಾಲು ಹುಡುಕಿ ತೆಗೆಯೋಕೆ ಹತ್ತು ನಿಮಿಷ ಬೇಕಾಯಿತು. ಅಲ್ಲಿ ಸ್ಪಷ್ಟವಾಗಿ ಇತ್ತು. ಹಸಿ ಅಡಿಕೆ.

ವಾಪಸ್ ಬಂದು ಹೇಳಿದೆ. ದೊಡ್ಡಕ್ಕ ಲೆಕ್ಕ ಹಾಕೋಕೆ ಕಾಗದ ಕೇಳಲಿಲ್ಲ. 'ಕ್ವಿಂಟಲ್ ಹಸಿಗೆ ಹದಿಮೂರು ಕೆಜಿ ಒಣಗಿದ್ದು ಬಂದ್ರೆ ಪುಣ್ಯ. ಅಲ್ವಾ ಹೆಗ್ಡೇರೆ?' ಮಾವ ಹೌದು ಅಂದರು. ಫೋನಿನಲ್ಲಿ ಗುಣಿಸಿದೆ. 17,000 ಟನ್ ಅನ್ನೋದು 2,210 ಟನ್‌ಗೆ ಇಳಿಯಿತು. ನನ್ನ ಎರಡು ಪರ್ಸೆಂಟ್ ಕಾಲು ಪರ್ಸೆಂಟೂ ಉಳಿಯಲಿಲ್ಲ.

ಮಾವ ಗೆದ್ದವರ ಹಾಗೆ ಎದ್ದು ನಿಂತು ಪಂಚೆ ಕಟ್ಟಿಕೊಂಡರು. ಮೇಷ್ಟ್ರು ಬಿಡುವವರಾ? 'ಅಷ್ಟೇ ಆಗಿದ್ರೆ ರೇಟು ಯಾಕೆ ಬಿತ್ತು ಹೇಳಿ. ಅಡಿಕೆ ಬರಬೇಕು ಅಂತಿಲ್ಲ ಮಾರಾಯ್ರೆ, ಬರ್ತದೆ ಅನ್ನೋ ಸುದ್ದಿ ಬಂದ್ರೆ ಸಾಕು. ಮತ್ತೆ ಮ್ಯಾನ್ಮಾರ್‌ನಿಂದ ಮಿಜೋರಾಂ ಮೇಲೆ ನುಗ್ಗೋ ಕಳ್ಳ ಅಡಿಕೆ ಎಷ್ಟು? ಅದು ಹಸಿಯಲ್ಲ. ಅದಕ್ಕೆ ಆದೇಶವೂ ಇಲ್ಲ, ಲೆಕ್ಕವೂ ಇಲ್ಲ.'

ಈ ಮಾತಿನಲ್ಲಿ ತೂಕ ಇತ್ತು. ಈಗಲೂ ನನಗೆ ಅನಿಸೋದು ಅದೇ. ಭೂತಾನದ ಅಡಿಕೆ ಕಾಗದದ ಮೇಲೆ ಇತ್ತು, ಹಾಗಾಗಿ ಅದನ್ನು ಹಿಡಿದು ಬೈಯೋದು ಸುಲಭವಾಗಿತ್ತು. ಹಸಿ ಅಡಿಕೆ ತಿನ್ನೋರು ಅಸ್ಸಾಂ ಕಡೆಯವರು, ಅದು ಬೇಯಿಸಿ ಒಣಗಿಸಿದ ನಮ್ಮ 'ರಾಶಿ ಇಡಿ' ಅಡಿಕೆಯ ಪಕ್ಕ ಬಂದು ಕೂರೋ ಮಾಲೇ ಅಲ್ಲ. ಕಳ್ಳದಾರಿಯಲ್ಲಿ ಬರೋ ಒಣ ಅಡಿಕೆ ಹಾಗಲ್ಲ, ನೇರ ನಮ್ಮ ಮಾರುಕಟ್ಟೆಗೇ ಬಂದು ಸೇರುತ್ತದೆ. ಆದರೆ ಆ ರಾತ್ರಿ ಇದನ್ನೆಲ್ಲ ಹೇಳೋ ಧೈರ್ಯ ಆಗಲಿಲ್ಲ. ಒಂದು ಸಲ ಪರ್ಸೆಂಟ್ ಹೇಳಿ ಸುಟ್ಟುಕೊಂಡಿದ್ದೆ.

ಹನ್ನೊಂದೂವರೆಗೆ ತೂಕ ಶುರುವಾಯಿತು. ಸುಲಿದದ್ದಕ್ಕೆ ಕೆಜಿ ಲೆಕ್ಕದಲ್ಲಿ ಕೂಲಿ. ಮಾವ ತಕ್ಕಡಿ ಹಿಡಿದರು, ನಾನು ಪಟ್ಟಿ ಬರೆದೆ. ಎಲ್ಲರಿಗಿಂತ ಜಾಸ್ತಿ ಇದ್ದದ್ದು ದೊಡ್ಡಕ್ಕನ ಬುಟ್ಟಿ. ಸೆರಗಿನಲ್ಲಿ ಕೈ ಒರೆಸಿಕೊಂಡು ಅವರು ಕೇಳಿದರು, 'ರೇಟು ಬಿತ್ತು ಅಂತ ಸುಲಿಯೋ ಕೂಲಿ ಇಳಿಸ್ತೀರಾ ಹೆಗ್ಡೇರೆ?'

'ಛೆ, ಇಲ್ಲಪ್ಪ. ಯಾಕೆ ಇಳಿಸೋದು?'

'ಅದೇ ಮತ್ತೆ. ರೇಟು ಏರಿದಾಗಲೂ ಏರಿಸಿರ್ಲಿಲ್ಲ.'

ಮೇಷ್ಟ್ರಿಗೆ ಜೋರಾಗಿ ಕೆಮ್ಮು ಬಂತು. ಮಾವ ತಕ್ಕಡಿಯ ಸರಪಳಿಯಲ್ಲಿ ಏನೋ ತೊಡಕಿದೆ ಅನ್ನುವ ಹಾಗೆ ಅದನ್ನೇ ನೋಡುತ್ತಾ ನಿಂತರು.

ಮರುದಿನ ನಾನು ಬಸ್ ಹತ್ತಿದೆ. 2023ರ ಫೆಬ್ರವರಿಯಲ್ಲಿ ಒಂದು ದಿನ ಆಫೀಸಿನಲ್ಲಿ ಇದ್ದಾಗ ಮಾವನ ಫೋನ್. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು. 'ನೋಡಿದ್ಯಾ? ಆಮದು ಬೆಲೆ 251 ಇದ್ದದ್ದು 351 ಮಾಡಿದ್ರು! ಮೇಷ್ಟ್ರು ಬೆಳಗಿಂದ ಮನೆ ಕಡೆ ಬಂದಿಲ್ಲ.'

'ಒಳ್ಳೇದಾಯ್ತು ಮಾವ. ದೊಡ್ಡಕ್ಕನ ಕೂಲಿ ಎಷ್ಟು ಮಾಡಿದ್ರಿ?'

'ಹಲೋ? ಕೇಳ್ತಾ ಇಲ್ಲ ಮಾರಾಯ. ಕೊಟ್ಟಿಗೆ ಹಿಂದೆ ಹೋಗಿ ಮಾಡ್ತೇನೆ' ಅಂದರು.

ಮಾಡಲಿಲ್ಲ.